ಶೀತಕೋಣೆಯ ಬಾಗಿಲಲ್ಲಿದ್ದ ಚಪ್ಪಲಿ

ಹೊಜುಮಿ ಇಬುಕಿಯ ಕೈ ಸುಮ್ಮನಿರುವುದಿಲ್ಲ ಎನ್ನುವುದು ಇಡೀ ಪ್ರಯೋಗಾಲಯಕ್ಕೆ ಗೊತ್ತಿತ್ತು. ಅವಳು ಬಿಸಿನೀರ ಬುಗ್ಗೆಗಳ ಊರಿನಲ್ಲಿ ವಸತಿಗೃಹ ನಡೆಸುವ ಮನೆಯ ಮಗಳು. ನಡೆಯಲು ಕಲಿತ ವರ್ಷವೇ ಅತಿಥಿಗಳ ಚಪ್ಪಲಿ ಜೋಡಿಸಲೂ ಕಲಿತಿದ್ದಳು. ಬಂದವರು ಒಳಮುಖವಾಗಿ ಬಿಟ್ಟದ್ದನ್ನು ಹೊರಮುಖವಾಗಿ ತಿರುಗಿಸಬೇಕು, ಹಿಮ್ಮಡಿ ಸಾಲಾಗಿರಬೇಕು, ಹೋಗುವವರು ಕಾಲಿಟ್ಟರೆ ಸಾಕು ಎನ್ನುವಂತಿರಬೇಕು. ಹುಟ್ಟುಗುಣ ಸುಟ್ಟರೂ ಹೋಗದು. ಎಂಜಿನಿಯರಿಂಗ್ ಓದಲು ಬಂದು ನಾಲ್ಕನೆಯ ವರ್ಷವಾದರೂ ಎಲ್ಲಿ ಚಪ್ಪಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೂ ಅವಳ ಸೊಂಟ ತಾನಾಗಿ ಬಾಗುತ್ತಿತ್ತು.

ಅದು ಖಾಸಗಿ ತಾಂತ್ರಿಕ ವಿಶ್ವವಿದ್ಯಾಲಯ. ಸರ್ಕಾರಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಎಡವಿ ಬಂದವರೇ ಅಲ್ಲಿ ಹೆಚ್ಚು. ಆದರೆ ಅಲ್ಲಿನ ಮೇಷ್ಟ್ರುಗಳಿಗೆ ಅದರ ಬಗ್ಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಸರ್ಕಾರಿಯವರು ಕೂತು ಯೋಚಿಸಲಿ, ನಾವು ಮಾಡಿ ತೋರಿಸೋಣ ಎನ್ನುತ್ತಿದ್ದರು. ಮುಖ್ಯದ್ವಾರದ ಕಲ್ಲಿನ ಮೇಲೆ ಸ್ಥಾಪಕರ ಮಾತನ್ನು ಕೆತ್ತಿಸಿದ್ದರು: ಕೈಗೆ ಮೊದಲು ಕಲಿಸು, ತಲೆ ಹಿಂದೆಯೇ ಬರುತ್ತದೆ. ಒಳ್ಳೆಯ ಮಾತೇ. ತಲೆ ಎಷ್ಟು ಹೊತ್ತು ಬಿಟ್ಟು ಬರುತ್ತದೆ ಎನ್ನುವುದನ್ನು ಮಾತ್ರ ಆ ಪುಣ್ಯಾತ್ಮ ಹೇಳಿರಲಿಲ್ಲ. ಇಬುಕಿಯ ತಲೆ ಆ ದಿನ ಒಂದೂವರೆ ಗಂಟೆ ತಡವಾಗಿ ಬಂತು.

ಟೊಕುನಾಗಾ ಮೇಷ್ಟ್ರ ಪ್ರಯೋಗಾಲಯ ಹಿಮದ ಕೆಲಸದ್ದು. ಮನೆಯ ಮಾಡಿನ ಮೇಲೆ ಹಿಮ ಹೇಗೆ ಕೂರುತ್ತದೆ, ವಿದ್ಯುತ್ ತಂತಿಗೆ ಹೇಗೆ ಅಂಟುತ್ತದೆ, ಯಾವಾಗ ಉದುರುತ್ತದೆ ಎಂದು ನೋಡುವುದು. ಅದಕ್ಕಾಗಿ ಕಾರಿಡಾರಿನ ಕೊನೆಯಲ್ಲಿ ಒಂದು ಶೀತಕೋಣೆ ಇತ್ತು. ವರ್ಷವಿಡೀ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಗೋಡೆ ಲೋಹದ್ದು, ಬಾಗಿಲು ಗೇಣು ದಪ್ಪ. ಒಳಗಿನಿಂದ ಗುಂಡಿ ಒತ್ತಿ ತಳ್ಳಿದರೆ ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಒಳಗೆ ಹೋಗುವವರು ಪ್ರಯೋಗಾಲಯದ ಚಪ್ಪಲಿಯನ್ನು ಬಾಗಿಲ ಮುಂದೆ ಬಿಟ್ಟು ರಬ್ಬರ್ ಬೂಟು ಹಾಕಿಕೊಳ್ಳಬೇಕು. ಬಾಗಿಲ ಮುಂದೆ ಚಪ್ಪಲಿ ಇದೆಯೆಂದರೆ ಒಳಗೆ ಆಳಿದ್ದಾನೆ ಎಂದು ಅರ್ಥ. ಅದನ್ನು ಯಾರೂ ಮುಟ್ಟುವಂತಿಲ್ಲ. ಈ ನಿಯಮ ಮಾಡಿದವರು ಯಾರೆಂದು ಯಾರಿಗೂ ನೆನಪಿಲ್ಲ. ಇಪ್ಪತ್ತು ವರ್ಷ ಅದು ಎಲ್ಲರನ್ನೂ ಕಾಪಾಡಿತ್ತು.

ಇಬುಕಿಗೆ ಅದನ್ನು ಹೇಳಿಕೊಟ್ಟವನು ಅಕುತ್ಸು. ಡಾಕ್ಟರೇಟ್ ಮಾಡುತ್ತಿದ್ದ ಹಿರಿಯ, ಕಂಬದಷ್ಟು ಉದ್ದ, ಮರೆಗುಳಿ, ಬಾಯಿ ಮಾತ್ರ ಬಿಡುವಿಲ್ಲದ್ದು. ಅವಳು ಸೇರಿದ ಮೊದಲ ವಾರವೇ ಶೀತಕೋಣೆಯ ಮುಂದೆ ಬಾಗಿದ್ದನ್ನು ನೋಡಿ ಓಡಿಬಂದು ತಡೆದಿದ್ದ.

"ಲೇ ತಾಯಿ, ಅದು ಚಪ್ಪಲಿ ಅಲ್ಲ, ಮನುಷ್ಯ. ಮುಟ್ಬೇಡ," ಎಂದಿದ್ದ. ಅವತ್ತಿನಿಂದ ಅವಳಿಗೆ 'ಯಜಮಾನಿ' ಎಂಬ ಹೆಸರೂ ಅವನೇ ಇಟ್ಟ. ವಸತಿಗೃಹದ ಯಜಮಾನಿ.

ಡಿಸೆಂಬರ್ ಇಪ್ಪತ್ತೆಂಟು, ವರ್ಷದ ಕೊನೆಯ ದೊಡ್ಡ ಸ್ವಚ್ಛತೆಯ ದಿನ. ಮಧ್ಯಾಹ್ನದೊಳಗೆ ಎಲ್ಲ ಮುಗಿಸಿ ಬೀಗ ಹಾಕಿದರೆ ಮತ್ತೆ ತೆಗೆಯುವುದು ಜನವರಿ ಐದಕ್ಕೆ. ಹೊಣೆ ಇಬುಕಿಯದು. ಮೇಷ್ಟ್ರೇ ವಹಿಸಿದ್ದರು, ಇನ್ನಾರಿಗೆ ವಹಿಸುತ್ತಾರೆ? ಹಿಂದಿನ ದಿನವೇ ಅವಳು ಶೀತಕೋಣೆಯ ಮೂರು ದಪ್ಪ ಕೋಟುಗಳನ್ನು ಗಂಟು ಕಟ್ಟಿ ಲಾಂಡ್ರಿಗೆ ಕಳಿಸಿದ್ದಳು. ಬೆಳಗ್ಗೆ ಒಂಬತ್ತಕ್ಕೆ ತಲೆಗೆ ಬಟ್ಟೆ ಕಟ್ಟಿ ನಿಂತವಳು ಉಳಿದ ಏಳು ಮಂದಿಗೆ ಗಾಜು, ನಲ್ಲಿ, ನೆಲ, ಗೋಡೆಯ ಹಳೆಯ ಚೀಟಿಗಳು ಎಂದು ಕೆಲಸ ಹಂಚಿಬಿಟ್ಟಳು. ರಬ್ಬರ್ ಬೂಟುಗಳೂ ತೊಳೆದು ನೀರು ಬಸಿಯಲು ಹೋದವು. ನೆಲಕ್ಕೆ ಮೇಣ ಉಜ್ಜುವ ಯಂತ್ರದ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ.

ಅಕುತ್ಸು ಬಂದಾಗ ಹತ್ತೂವರೆ ದಾಟಿತ್ತು. ತಲೆ ಬಾಚಿರಲಿಲ್ಲ.

"ಏನ್ರೀ ಯಜಮಾನಿ, ನಮ್ಮ ರೂಮ್ ರೆಡಿ ಆಯ್ತಾ?"

"ಗಿರಾಕಿಗಳು ಒಂದು ಬಟ್ಟೆ ಹಿಡಿದ್ರೆ ಆಗುತ್ತೆ," ಎಂದಳು ಇಬುಕಿ. ಅವನ ಕೈಗೆ ಒದ್ದೆ ಬಟ್ಟೆಯನ್ನೂ ತುರುಕಿದಳು.

"ಐದೇ ನಿಮಿಷ. ಬಂದೇಬಿಟ್ಟೆ," ಎಂದು ಬಟ್ಟೆಯನ್ನು ಕಿಟಕಿಯ ಮೇಲಿಟ್ಟು ಅವನು ಕಾರಿಡಾರಿನಲ್ಲಿ ಮಾಯವಾದ. ಹಿಂದಿನ ವರ್ಷವೂ ಹೀಗೇ ಐದು ನಿಮಿಷ ಎಂದು ಹೋದವನು ಹೊರಗೆ ನೂಡಲ್ಸ್ ತಿಂದು ನೇರ ಮನೆಗೆ ಹೋಗಿದ್ದನಂತೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಇಬುಕಿ ಹಲ್ಲು ಕಡಿದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಬಟ್ಟೆ ಕಿಟಕಿಯ ಮೇಲೆಯೇ ಒಣಗುತ್ತಿತ್ತು. ಅವಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಆ ಸಿಟ್ಟಿನಲ್ಲೇ ಅವಳು ಹಳೆಯ ಮೇಜುಗಳನ್ನು ಹೊರಗೆ ಸಾಗಿಸಿದ್ದು. ಬಿಸಾಡಬೇಕಾದ ನಾಲ್ಕು ಉಕ್ಕಿನ ಮೇಜು, ಜನವರಿಯಲ್ಲಿ ಒಯ್ಯಲು ಬರುವವರಿಗಾಗಿ ಕಾರಿಡಾರಿನ ಕೊನೆಯಲ್ಲಿ ಪೇರಿಸಿಡಬೇಕು. ಇಬುಕಿ ಮುಂದೆ ಹೋಗಿ ಜಾಗ ನೋಡಿದಳು. ಅಲ್ಲಿ ಅಕುತ್ಸುವಿನ ಕಂದು ಚಪ್ಪಲಿ ಬಿದ್ದಿತ್ತು. ಒಂದು ಅತ್ತ, ಒಂದು ಇತ್ತ, ಅದರಲ್ಲೊಂದು ಮಗುಚಿಕೊಂಡು. ಅವಳ ಸೊಂಟ ಬಾಗಿತು, ಕೈ ಅವೆರಡನ್ನೂ ಎತ್ತಿತು. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿಯೂ ಆಯಿತು. ಪ್ರವೇಶದ್ವಾರದ ಚಪ್ಪಲಿಗೂಡಿನಲ್ಲಿ ಅಕುತ್ಸುವಿನ ಹೆಸರಿದ್ದ ಖಾನೆಗೆ ಹೋಗಿ, ಅಲ್ಲಿದ್ದ ಕೆಂಪು ಲೇಸಿನ ಹಿಮದ ಬೂಟನ್ನು ಹಿಂದಕ್ಕೆ ಸರಿಸಿ, ಮುಂದೆ ಚಪ್ಪಲಿಯನ್ನು ಹಿಮ್ಮಡಿ ಸರಿಗಟ್ಟಿ ಇಟ್ಟಳು. ಅಷ್ಟು ಹೊತ್ತಿಗೆ ಹುಡುಗರು ಮೇಜು ತಂದಿದ್ದರು. ಕೊನೆಯಲ್ಲೇ ಇಡಿ, ಗೋಡೆಗೆ ಒತ್ತಿ ಇಡಿ ಎಂದಳು. ಕೆಳಗೆರಡು, ಮೇಲೆರಡು, ಅದರ ಮೇಲೆ ಹಳೆಯ ವರದಿಗಳ ಹತ್ತು ಕಟ್ಟು.

ಹನ್ನೊಂದು ನಲವತ್ತಕ್ಕೆ ಮುಚ್ಚುವ ತಪಾಸಣೆ. ಪಟ್ಟಿಯಲ್ಲಿದ್ದಂತೆ ಒಂದೊಂದೇ ವಿದ್ಯುತ್ ಗುಂಡಿ ಇಳಿಸಿದಳು. ಶೀತಯಂತ್ರದ್ದೊಂದನ್ನು ಬಿಟ್ಟು ಎಲ್ಲವೂ ಇಳಿದವು; ಹಿಮದ ಮಾದರಿಗಳು ರಜೆಯಲ್ಲೂ ಕರಗಬಾರದಲ್ಲ. ಶೀತಕೋಣೆಯೊಳಗಿನ ದೀಪ ಮತ್ತು ತುರ್ತು ಗಂಟೆ ಎರಡೂ ಕಾರಿಡಾರಿನ ದೀಪದ ಜೊತೆಗೇ ಸೇರಿವೆ ಎನ್ನುವುದು ಆ ಹೊತ್ತಿನಲ್ಲಿ ಯಾರ ತಲೆಗೂ ಬರಲಿಲ್ಲ. ಆಮೇಲೆ ಅವಳು ನಿಯಮದಂತೆ ಒಂದೊಂದನ್ನೂ ತೋರುಬೆರಳಿನಿಂದ ತೋರಿಸಿ ಗಟ್ಟಿಯಾಗಿ ಕೂಗಿದಳು. ಅನಿಲ, ಸರಿ! ನೀರು, ಸರಿ! ಕಿಟಕಿ, ಸರಿ! ಕೊನೆಯದು ಜನ. ಬಾಗಿಲ ಪಕ್ಕದ ಹಲಗೆಯಲ್ಲಿ ಎಲ್ಲರ ಹೆಸರಿನ ಬಿಲ್ಲೆ ತೂಗುತ್ತಿತ್ತು, ಒಳಗಿದ್ದರೆ ಕಪ್ಪು ಬದಿ, ಮನೆಗೆ ಹೋದರೆ ಕೆಂಪು. ಎಲ್ಲರದೂ ಕೆಂಪಾಗಿತ್ತು, ಅಕುತ್ಸುವಿನದೊಂದು ಕಪ್ಪು. ಅವನು ಅದನ್ನು ತಿರುಗಿಸಲು ಮರೆಯದ ದಿನವೇ ಇರಲಿಲ್ಲ. ಇಬುಕಿ ಮೂಗು ಮುರಿದು ಅದನ್ನೂ ತಿರುಗಿಸಿದಳು. ಬೆರಳು ತೋರಿಸಿದಳು. ಜನ, ಸರಿ!

ಇಬುಕಿ ಸಹಿ ಹಾಕಿದ ಪಟ್ಟಿಗೆ ಟೊಕುನಾಗಾ ಮೇಷ್ಟ್ರು ಮುದ್ರೆ ಒತ್ತಿದರು. ಎಲ್ಲರೂ ಬಾಗಿ, ಬರುವ ವರ್ಷವೂ ಕೈ ಬಿಡಬೇಡಿ ಎಂದು ಒಬ್ಬರಿಗೊಬ್ಬರು ಹೇಳಿ ಚೆದುರಿದರು.

ಹನ್ನೆರಡು ಹತ್ತರ ರೈಲು. ಎರಡೇ ಡಬ್ಬಿ, ಅರ್ಧ ಖಾಲಿ. ಇಬುಕಿ ಕಿಟಕಿಯ ಪಕ್ಕ ಕೂತು ಅಮ್ಮನಿಗೆಂದು ಕೊಂಡ ಸಿಹಿಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡಳು. ಸೀಟಿನ ಕೆಳಗಿನ ಬಿಸಿಗೆ ಕಣ್ಣು ಎಳೆಯುತ್ತಿತ್ತು. ಎದುರಿಗೆ ಒಬ್ಬ ಶಾಲಾ ಹುಡುಗಿ ಕೂತಿದ್ದಳು. ಅವಳ ಬೂಟಿನಿಂದ ಹಿಮ ಕರಗಿ ನೆಲದ ಮೇಲೆ ಸಣ್ಣ ಕೆರೆಯಾಗಿತ್ತು. ಇಂಥ ಹಿಮದಲ್ಲಿ ಒಳ್ಳೆಯ ಬೂಟಿಲ್ಲದೆ ಹೊರಗೆ ಕಾಲಿಡಲಾಗುವುದಿಲ್ಲ ಎಂದು ಇಬುಕಿ ಸುಮ್ಮನೆ ಅಂದುಕೊಂಡಳು.

ಅಂದುಕೊಂಡದ್ದೇ ತಡ, ನೆಟ್ಟಗೆ ಎದ್ದು ಕೂತಳು.

ಕೆಂಪು ಲೇಸಿನ ಬೂಟು ಖಾನೆಯಲ್ಲೇ ಇತ್ತು. ಅವಳೇ ಹಿಂದಕ್ಕೆ ಸರಿಸಿದ್ದಳು. ಹಾಗಾದರೆ ಅಕುತ್ಸು ಏನು ಹಾಕಿಕೊಂಡು ಮನೆಗೆ ಹೋದ?

ಬೇರೆ ಬೂಟಿರಬಹುದು ಎಂದಿತು ಮನಸ್ಸು. ಎಷ್ಟೋ ಜನ ಪ್ರಯೋಗಾಲಯದಲ್ಲಿ ಎರಡು ಜೊತೆ ಇಡುತ್ತಾರೆ. ಇಲ್ಲ, ಅವನಿಗೆ ಇದ್ದದ್ದು ಅದೊಂದೇ ಜೊತೆ. ಮೂರು ವರ್ಷದಿಂದ ಅದೇ ಬೂಟು ಎಂದು ಎಲ್ಲರೂ ಛೇಡಿಸುತ್ತಿದ್ದರು. ಚಪ್ಪಲಿ ಎಲ್ಲಿ ಬಿದ್ದಿತ್ತು? ಕಾರಿಡಾರಿನಲ್ಲಿ. ಕಾರಿಡಾರಿನಲ್ಲಿ ಎಲ್ಲಿ? ಕೊನೆಯಲ್ಲಿ. ಕೊನೆಯಲ್ಲಿ ಇರುವುದೇನು? ಅವಳಿಗೆ ಉತ್ತರ ಗೊತ್ತಿತ್ತು. ಕಣ್ಣು ಮುಚ್ಚಿದರೆ ಆ ಬಾಗಿಲಿನ ಬೆಳ್ಳಿಯ ಬಣ್ಣ, ಅದರ ಮುಂದೆ ತನ್ನದೇ ಬಾಗಿದ ಬೆನ್ನು ಕಾಣುತ್ತಿತ್ತು. ಕೋಟುಗಳು ಲಾಂಡ್ರಿಯಲ್ಲಿದ್ದವು. ಅವನು ಬೆಳಗ್ಗೆ ಬಂದದ್ದು ಬೂದು ಸ್ವೆಟರಿನಲ್ಲಿ.

ಅವಳು ಫೋನ್ ಹೊರತೆಗೆದಳು. ಕೈ ಅಲ್ಲೇ ನಿಂತಿತು. ರೈಲಿನಲ್ಲಿ ಫೋನಿನಲ್ಲಿ ಮಾತಾಡುವುದು ತಪ್ಪು. ಯಾರೂ ಬಯ್ಯುವುದಿಲ್ಲ, ಸುಮ್ಮನೆ ನೋಡುತ್ತಾರೆ, ಅದು ಬೈಗುಳಕ್ಕಿಂತ ಕೆಟ್ಟದು. ಮುಂದಿನ ನಿಲ್ದಾಣಕ್ಕೆ ನಾಲ್ಕು ನಿಮಿಷ. ಇಬುಕಿ ಎದ್ದು ಬಾಗಿಲ ಬಳಿ ನಿಂತಳು. ಫೋನನ್ನು ಎದೆಗೊತ್ತಿಕೊಂಡು ನಾಲ್ಕು ನಿಮಿಷ ನಿಂತೇ ಇದ್ದಳು. ಒಬ್ಬ ಮನುಷ್ಯ ಕತ್ತಲಲ್ಲಿ ಹೆಪ್ಪುಗಟ್ಟುತ್ತಿರಬಹುದು ಎಂದು ತಿಳಿದೂ, ಪಕ್ಕದವರಿಗೆ ಕಿರಿಕಿರಿಯಾಗಬಾರದೆಂದು ಬಾಯಿ ಮುಚ್ಚಿಕೊಂಡಳು. ಈಗ ಇದನ್ನು ಓದಿದವರು ನಗಬಹುದು. ಹಾಗೆ ಬೆಳೆದವರಿಗೆ ನಗು ಬರುವುದಿಲ್ಲ.

ಇಳಿದದ್ದು ಆಳಿಲ್ಲದ ಪುಟ್ಟ ನಿಲ್ದಾಣದಲ್ಲಿ. ಅವಳೊಬ್ಬಳೇ. ಅಕುತ್ಸುವಿಗೆ ಕರೆ ಮಾಡಿದಳು. ನೀವು ಕರೆ ಮಾಡಿದವರು ಸಂಪರ್ಕಕ್ಕೆ ಸಿಗದ ಜಾಗದಲ್ಲಿದ್ದಾರೆ ಎಂದು ಯಂತ್ರದ ಹೆಂಗಸು ಇಂಪಾಗಿ ಹೇಳಿದಳು. ಇನ್ನೊಮ್ಮೆ ಮಾಡಿದಳು. ಬಾಗಿಲು ಮುಚ್ಚಿದರೆ ಆ ಲೋಹದ ಗೋಡೆಯೊಳಗೆ ಫೋನ್ ಸತ್ತುಹೋಗುತ್ತದೆ. ಗುಡ್ಡದ ಸುರಂಗದಲ್ಲೂ ಸಾಯುತ್ತದೆ, ಅವನು ಎಲ್ಲೋ ರೈಲಿನಲ್ಲಿರಬಹುದು. ಮೇಷ್ಟ್ರಿಗೆ ಮಾಡಲೇ? ಏನೂ ಇಲ್ಲದೆ ಹೋದರೆ? ವರ್ಷದ ಕೊನೆಯ ಕೆಲಸದ ದಿನ ಮೇಷ್ಟ್ರನ್ನು ಹೆದರಿಸಿದ ಹುಡುಗಿ ಎಂಬ ಹೆಸರು ಶಾಶ್ವತವಾಗಿ ಉಳಿಯುತ್ತದೆ. ಕೊನೆಗೆ ಕಾವಲು ಕೋಣೆಯ ಸಂಖ್ಯೆ ಒತ್ತಿದಳು.

ಎತ್ತಿದ್ದು ಮೊರೊಬಾಶಿ ಮುದುಕ. ಅರವತ್ತೆಂಟು ವರ್ಷದ ಕಾವಲುಗಾರ. ಬೆಳಗ್ಗೆ ಗೇಟಿನಲ್ಲಿ ಎಲ್ಲರಿಗೂ ಮನೆತನದ ಹೆಸರಿಗೆ ಗೌರವದ 'ಸಾನ್' ಸೇರಿಸಿ ವಂದಿಸುತ್ತಿದ್ದವನು. ಇಬುಕಿ ಸಾಧ್ಯವಾದಷ್ಟು ಸಾಧಾರಣ ದನಿಯಲ್ಲಿ, ಶೀತಕೋಣೆಯಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ಒಮ್ಮೆ ನೋಡುತ್ತೀರಾ, ಸುಮ್ಮನೆ ಅನುಮಾನಕ್ಕೆ, ಎಂದು ಕೇಳಿದಳು. ಚಪ್ಪಲಿಯ ವಿಷಯ ನಾಲಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಯಿತು. ನೋಡಿ ಹೇಳ್ತೀನಿ ಎಂದು ಅವನು ಫೋನಿಟ್ಟ.

ಹನ್ನೊಂದು ನಿಮಿಷ. ಹಿಮ ಬೀಳುತ್ತಿತ್ತು. ಇಬುಕಿ ನಿಲ್ದಾಣದ ತಗಡಿನ ಮಾಡಿನ ಕೆಳಗೆ ಆ ತುದಿಯಿಂದ ಈ ತುದಿಗೆ ನಡೆದಳು. ಹಲ್ಲು ಕಟಕಟನೆ ಹೊಡೆದುಕೊಳ್ಳುತ್ತಿದ್ದವು. ಇಲ್ಲಿನ ಚಳಿ ಬರೀ ಎರಡು ಡಿಗ್ರಿ ಕೆಳಗೆ, ತನ್ನ ಮೈಮೇಲೆ ಕೋಟಿದೆ, ಮಫ್ಲರಿದೆ, ಕೈಗವಸಿದೆ ಎಂದು ಲೆಕ್ಕ ಹಾಕಿದಳು. ಅಲ್ಲಿ ಇಪ್ಪತ್ತು. ಒಂದು ಸ್ವೆಟರು. ಯಾರೂ ಇಲ್ಲ ಎಂದು ಬರಲಪ್ಪಾ, ನನ್ನನ್ನು ಹುಚ್ಚಿ ಎಂದು ಎಲ್ಲರೂ ನಗಲಪ್ಪಾ ಎಂದು ಯಾವ ದೇವರೆಂದು ನೋಡದೆ ಕೈ ಮುಗಿದಳು.

ಫೋನ್ ಬಂತು.

"ನೋಡ್ಕೊಂಡು ಬಂದೆ ಹೊಜುಮಿ ಸಾನ್. ಬಾಗಿಲ ಮುಂದೆ ಚಪ್ಪಲಿ ಇಲ್ಲ. ಹಲಗೆ ಮೇಲೆ ಎಲ್ಲರ ಬಿಲ್ಲೆನೂ ಕೆಂಪಗಿದೆ. ಬೀಗದ ಪಟ್ಟೀಲಿ ನಿಮ್ಮದೇ ಸಹಿ ಇದೆಯಲ್ಲ. ನಿಶ್ಚಿಂತೆಯಾಗಿ ಊರಿಗೆ ಹೋಗಿ."

ಇಬುಕಿ ಬಯಸಿದ್ದ ಉತ್ತರ ಇದೇ. ಕೈ ಮುಗಿದು ಬೇಡಿಕೊಂಡದ್ದೂ ಇದನ್ನೇ. ತೊಂದರೆ ಕೊಟ್ಟೆ, ಕ್ಷಮಿಸಿ ಎನ್ನುವ ಮಾತು ತುಟಿಗೆ ಬಂದಿತ್ತು. ಅದನ್ನು ಹೇಳಿ ಫೋನಿಟ್ಟಿದ್ದರೆ ಅವಳನ್ನು ಯಾರೂ ದೂರುತ್ತಿರಲಿಲ್ಲ, ಜನವರಿ ಐದರವರೆಗೆ. ಮುದುಕ ಹೇಳಿದ ಸಾಕ್ಷಿ ಒಂದೊಂದೂ ನಿಜ. ಒಂದೊಂದನ್ನೂ ಅವಳೇ ತನ್ನ ಕೈಯಾರೆ ಮಾಡಿಟ್ಟಿದ್ದಳು.

"ಬಾಗಿಲು ತೆಗೆದು ನೋಡಿದ್ರಾ?"

"ಮುಂದೆ ಮೇಜು ಪೇರಿಸಿದೆಯಲ್ಲಮ್ಮಾ. ಹೊರಗಡೆ ಮೇಜಿಟ್ಟು ಒಳಗೆ ಹೋಗೋಕೆ ಯಾರಿಗಾಗುತ್ತೆ?" ಎಂದು ಮೊರೊಬಾಶಿ ನಕ್ಕ.

ಇಬುಕಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಚಪ್ಪಲಿ ಇತ್ತು," ಎಂದಳು. "ನಾನು ತೆಗೆದಿಟ್ಟೆ. ಮೇಜು ಇಡ್ಸಿದ್ದೂ ನಾನೇ. ಬಿಲ್ಲೆ ತಿರುಗ್ಸಿದ್ದೂ ನಾನೇ. ಅಕುತ್ಸು ಸಾನ್ ಬೂಟು ಇನ್ನೂ ಗೂಡಲ್ಲೇ ಇದೆ."

ಆ ಕಡೆ ಕುರ್ಚಿ ಸರಿಯಿತು. ಆಮೇಲೆ ಬರೀ ಹೆಜ್ಜೆ. ಅರವತ್ತೆಂಟು ವರ್ಷದ ಮನುಷ್ಯ ಹಿಮದಲ್ಲಿ ಓಡುತ್ತಿರುವ ಸದ್ದು. ಕಾವಲು ಕೋಣೆಯ ಮೊಬೈಲನ್ನು ಅವನು ಜೇಬಿಗೆ ಹಾಕಿಕೊಂಡಿದ್ದ, ಆರಿಸಿರಲಿಲ್ಲ.

ಅಷ್ಟರಲ್ಲಿ ಹಿಂದಕ್ಕೆ ಹೋಗುವ ರೈಲು ಬಂತು. ಇಬುಕಿ ಫೋನನ್ನು ಕಿವಿಗೊತ್ತಿಕೊಂಡೇ ಹತ್ತಿದಳು. ಬೀಗದ ಕೈ ಗೊಂಚಲಿನ ಸದ್ದು. ಬಾಗಿಲು. ಮತ್ತೆ ಹೆಜ್ಜೆ, ಈಗ ಗಟ್ಟಿ ನೆಲದ ಮೇಲೆ. ಕಾಗದದ ಕಟ್ಟುಗಳು ಧೊಪ್ಪೆಂದು ಬಿದ್ದವು, ಒಂದು, ಎರಡು, ಮೂರು. ಉಕ್ಕಿನ ಮೇಜು ಹೊಸ ಮೇಣದ ನೆಲವನ್ನು ಗೀರಿಕೊಂಡು ಹೋಗುವ ಕೀರಲು. ಮುದುಕ ಏದುಸಿರು ಬಿಡುತ್ತ ಏನನ್ನೋ ಬಯ್ಯುತ್ತಿದ್ದ, ಮೇಜನ್ನೋ ತನ್ನನ್ನೋ ತಿಳಿಯಲಿಲ್ಲ. ಎದುರು ಸೀಟಿನ ವಯಸ್ಸಾದ ಹೆಂಗಸು ಇಬುಕಿಯ ಕಿವಿಯ ಫೋನನ್ನು ನೋಡಿದಳು, ಮತ್ತೆ ಗೋಡೆಯ ಮೇಲಿನ ಸೂಚನೆಯನ್ನು ನೋಡಿದಳು. ಇಬುಕಿ ಅವಳಿಗೆ ತಲೆ ಬಾಗಿಸಿದಳು, ಆದರೆ ಫೋನನ್ನು ಇಳಿಸಲಿಲ್ಲ.

ಬಾಗಿಲ ಕೊಂಡಿ ಕಳಚಿತು. ಶೀತಯಂತ್ರದ ಗಾಳಿಯ ಮೊರೆತ ಒಮ್ಮೆಲೇ ಜೋರಾಯಿತು. ಮೊರೊಬಾಶಿ ಅಕುತ್ಸುವಿನ ಹೆಸರು ಕೂಗಿದ. ಎರಡು ಸಲ ಕೂಗಿದ. ಉತ್ತರ ಬರಲಿಲ್ಲ.

"ಟಾರ್ಚ್ ಬಿಟ್ಟಿದೀನಿ," ಎಂದ, ಈಗ ಫೋನನ್ನು ಬಾಯಿಗೆ ಹಿಡಿದು. "ಬಿಳಿ ಪೆಟ್ಟಿಗೆ ಥರ ಏನೋ ಕಟ್ಕೊಂಡಿದೆ ಮೂಲೇಲಿ. ಮಾದರಿ ಮುಚ್ಚೋ ಥರ್ಮೋಕೋಲ್ ಹಲಗೆ. ತಾಳಿ." ಹಲಗೆಗಳು ಸರಿದವು. "ಇದಾನೆ. ಇದರೊಳಗೆ ಇದಾನೆ."

"ಉಸಿರಾಡ್ತಿದಾರಾ?"

ಇಡೀ ಡಬ್ಬಿ ತಿರುಗಿ ನೋಡಿತು. ಇಬುಕಿಗೆ ತನ್ನ ದನಿ ಅಷ್ಟು ದೊಡ್ಡದಾಗಿದ್ದದ್ದೇ ತಿಳಿದಿರಲಿಲ್ಲ. ಉತ್ತರ ತಡವಾಯಿತು. ರೈಲು ಒಂದು ಸೇತುವೆ ದಾಟಿತು, ಇನ್ನೂ ಉತ್ತರವಿಲ್ಲ. ಅವಳ ತೊಡೆಯ ಮೇಲಿದ್ದ ಸಿಹಿಯ ಪೊಟ್ಟಣ ಜಾರಿ ಒದ್ದೆ ನೆಲದ ಮೇಲೆ ಬಿತ್ತು.

"ಆಡ್ತಿದಾನೆ," ಎಂದ ಮುದುಕ. "ಮಾತಾಡ್ತಿಲ್ಲ. ಕಣ್ಣು ಬಿಡ್ತಿಲ್ಲ. ಫೋನ್ ಇಡಮ್ಮಾ, ಆಂಬುಲೆನ್ಸ್ ಕರೀಬೇಕು."

ಫೋನ್ ಸುಮ್ಮನಾಯಿತು. ಎದುರು ಸೀಟಿನ ಹೆಂಗಸು ಎದ್ದು ಬಂದು, ಬಿದ್ದ ಪೊಟ್ಟಣವನ್ನು ಎತ್ತಿ, ತನ್ನ ಕರವಸ್ತ್ರದಿಂದ ಒರೆಸಿ ಇಬುಕಿಯ ಪಕ್ಕ ಇಟ್ಟಳು. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ಆ ಸಂಜೆಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯಿತು. ಟೊಕುನಾಗಾ ಮೇಷ್ಟ್ರು ಅಕುತ್ಸುವಿನ ತಾಯಿಯ ಮುಂದೆ ಸೊಂಟ ಬಗ್ಗಿಸಿ, ಎಬ್ಬಿಸುವವರೆಗೆ ಏಳಲಿಲ್ಲ. ಇಬುಕಿ ಅವರ ಹಿಂದೆ ಅಷ್ಟೇ ಬಾಗಿ ನಿಂತಳು. ಆ ತಾಯಿಯ ಕಾಲಿನ ಆಸ್ಪತ್ರೆಯ ಚಪ್ಪಲಿ ಎಡಬಲ ಅದಲುಬದಲಾಗಿದ್ದುದು ಮಾತ್ರ ಇಬುಕಿಗೆ ಕಂಡಿತು. ಏಳು ಗಂಟೆಗೆ ವೈದ್ಯರು ಬಂದು ಜೀವಕ್ಕೆ ಭಯವಿಲ್ಲ ಎಂದರು. ಎಡಗಾಲಿನ ಎರಡು ಬೆರಳ ತುದಿಯನ್ನು ಉಳಿಸಲಾಗದಿರಬಹುದು. ಆ ಹಲಗೆಗಳ ಪೆಟ್ಟಿಗೆ ಕಟ್ಟಿಕೊಂಡಿರದಿದ್ದರೆ ನಾವು ಈಗ ಬೇರೆ ಮಾತಾಡುತ್ತಿದ್ದೆವು ಎಂದರು.

ಮರುದಿನ ಅಕುತ್ಸು ಅವಳನ್ನು ಕರೆಸಿದ. ಕೈಕಾಲಿಗೆ ಬಿಳಿ ಬಟ್ಟೆ ಸುತ್ತಿತ್ತು. ಮುಖ ಸುಲಿದ ಈರುಳ್ಳಿಯ ಹಾಗೆ ಕೆಂಪಾಗಿತ್ತು. ಕಿಟಕಿಯ ಬಿಸಿಲು ಬೀಳುವ ಕಡೆಗೇ ಮಂಚ ಸರಿಸಲು ಹೇಳಿದ್ದ.

ಅವನು ಹೋಗಿದ್ದು ಒಂದೇ ಒಂದು ಚೀಟಿ ಹಚ್ಚಲು. ರಜೆಯ ಮುಂಚೆ ಒಂದು ಮಾದರಿಗೆ ತಾರೀಕು ಬರೆಯಲು ಮರೆತಿದ್ದ. ಒಂದು ನಿಮಿಷದ ಕೆಲಸಕ್ಕೆ ಕೋಟೇಕೆ, ಬೂಟೇಕೆ ಎಂದು ಕಾಲುಚೀಲದಲ್ಲೇ ಹೋಗಿದ್ದ. ಒಳಗೆ ಹೋದ ಮೇಲೆ ಇನ್ನೆರಡು ಮಾದರಿಗೂ ಚೀಟಿಯಿಲ್ಲದ್ದು ಕಂಡಿತು. ಮುಗಿಸಿ ತಳ್ಳಿದರೆ ಬಾಗಿಲು ಅಲ್ಲಾಡಲಿಲ್ಲ.

"ಗಂಟೆ ಒತ್ತಿದ್ರೆ ಮೇಣದ ಯಂತ್ರದ ಸದ್ದು, ಯಾರಿಗೂ ಕೇಳ್ಲಿಲ್ಲ ಅನ್ಸುತ್ತೆ. ಬಡಿದೆ. ಆಮೇಲೆ ಬಡಿಯೋದು ನಿಲ್ಲಿಸ್ದೆ."

"ಯಾಕೆ?"

"ಯಾಕೆ ಅಂದ್ರೆ, ಚಪ್ಪಲಿ ಹೊರಗಿದೆಯಲ್ಲ," ಎಂದ ಅಕುತ್ಸು. "ಇವತ್ತು ಹೊಣೆ ಯಜಮಾನೀದು. ಬೇರೆ ಯಾರ ಕಣ್ಣಿಗೆ ಬೀಳ್ದಿದ್ರೂ ಅವಳ ಕಣ್ಣಿಗೆ ಬಿದ್ದೇ ಬೀಳುತ್ತೆ. ಇಷ್ಟಕ್ಕೆಲ್ಲ ಶಕ್ತಿ ಹಾಳು ಮಾಡ್ಕೋಬಾರ್ದು ಅಂದ್ಕೊಂಡೆ. ಲೈಟ್ ಹೋಯ್ತಲ್ಲ, ಆಗ್ಲೂ ಅದನ್ನೇ ಹೇಳ್ಕೊಂಡೆ. ಚಪ್ಪಲಿ ಹೊರಗಿದೆ, ಚಪ್ಪಲಿ ಹೊರಗಿದೆ. ಹಲಗೆ ಜೋಡಿಸ್ತಾ ಅದನ್ನೇ ಎಣಿಸ್ತಿದ್ದೆ."

ಅವನಿಗೆ ಯಾರೂ ಹೇಳಿರಲಿಲ್ಲ. ಇಬುಕಿಗೆ ಅದು ತಕ್ಷಣ ಗೊತ್ತಾಯಿತು. ಹೇಳದೆ ಎದ್ದುಹೋಗಬಹುದಿತ್ತು, ಮೇಷ್ಟ್ರು ಹೇಳುತ್ತಿದ್ದರು, ಇಲ್ಲವೇ ಯಾರೂ ಹೇಳುತ್ತಿರಲಿಲ್ಲ.

"ಚಪ್ಪಲೀನ ನಾನು ತೆಗೆದಿಟ್ಬಿಟ್ಟೆ. ನಿಮ್ಮ ಖಾನೇಲಿ."

ಅಕುತ್ಸು ಮಾಡನ್ನು ನೋಡುತ್ತ ಮಲಗಿದ. ಹಾಗೆಯೇ ಕೇಳಿದ:

"ಹಿಮ್ಮಡಿ ಸರಿಗಟ್ಟಿ ಇಟ್ಯಾ?"

"ಹೂಂ."

ಅವನು ನಕ್ಕ. ಆ ನಗು ಅರ್ಧಕ್ಕೇ ದಾರಿ ತಪ್ಪಿತು. ಸುತ್ತಿದ ಕೈಯಿಂದ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು, ಸ್ವಲ್ಪ ಮಲಗುತ್ತೇನೆ, ನೀನು ಹೋಗು ಎಂದ. ಇಬುಕಿ ಬಾಗಿ ವಂದಿಸಿ ಬಾಗಿಲ ಬಳಿ ಹೋದಳು. ಹಗಲಿನಲ್ಲೂ ಉರಿಯುತ್ತಿದ್ದ ದೀಪದ ಗುಂಡಿಯ ಕಡೆಗೆ ಅವಳ ಕೈ ಆಗಲೇ ಚಾಚಿತ್ತು.

"ಹೋಗ್ತಾ ಲೈಟ್ ಆರಿಸ್ಬೇಡ," ಎಂದಿತು ಹೊದಿಕೆಯೊಳಗಿನ ದನಿ.

ಊರಿಗೆ ಹೋಗುವ ಮೊದಲು ವರದಿ ಬರೆಯಬೇಕಿತ್ತು. ಅಪಾಯವಾದಾಗ, ಆಗುವುದು ಸ್ವಲ್ಪದರಲ್ಲಿ ತಪ್ಪಿದಾಗ ತುಂಬುವ ಹಾಳೆ. ಕಾರಣ ಎಂಬಲ್ಲಿ ಮೇಷ್ಟ್ರು ಪೆನ್ಸಿಲಿನಲ್ಲಿ 'ಮುಚ್ಚುವ ಕ್ರಮದಲ್ಲಿ ಲೋಪ' ಎಂದು ಬರೆದುಕೊಟ್ಟಿದ್ದರು. ಅವಳ ಮೇಲಿನ ಕರುಣೆಯಿಂದಲೇ ಬರೆದದ್ದು. ಇಬುಕಿ ಅದನ್ನು ಅಳಿಸಿ ಶಾಯಿಯಲ್ಲಿ ಬರೆದಳು: ಬಾಗಿಲ ಮುಂದಿನ ಚಪ್ಪಲಿಯನ್ನು ನಾನು ತೆಗೆದೆ. ನಿಯಮ ನನಗೆ ಗೊತ್ತಿತ್ತು. ನೆನಪಾದ ಮೇಲೆ ರೈಲಿನಲ್ಲಿ ಫೋನ್ ಮಾಡಲು ಸಂಕೋಚಪಟ್ಟು ನಾಲ್ಕು ನಿಮಿಷ ಕಳೆದೆ. ಚಪ್ಪಲಿ ತೆಗೆದದ್ದು ನಾನೇ ಎಂದು ಹೇಳಲು ನಾಚಿ ಹನ್ನೊಂದು ನಿಮಿಷ ಕಳೆದೆ. ಮೇಷ್ಟ್ರು ಎರಡು ಸಲ ಓದಿದರು. ಆಮೇಲೆ ಮುದ್ರೆ ಒತ್ತಿದರು. ಮುದ್ರೆ ಸ್ವಲ್ಪ ಕಲಸಿಹೋಯಿತು.

ಜನವರಿ ಎರಡು. ವಸತಿಗೃಹ ತುಂಬಿತ್ತು. ಹೊಸವರ್ಷಕ್ಕೆ ಬಿಸಿನೀರಿನ ಸ್ನಾನಕ್ಕೆ ಬಂದ ಸಂಸಾರಗಳು, ಓಡಾಡುವ ಮಕ್ಕಳು, ಅಡುಗೆಮನೆಯಿಂದ ಸೋಯಾ ಸಾರಿನ ಹಬೆ. ಇಬುಕಿ ತಟ್ಟೆಗಳನ್ನು ಹೊತ್ತು ಸ್ನಾನದ ಮನೆಯ ಮುಂದೆ ಹಾದುಹೋಗುವಾಗ ಅಲ್ಲಿ ಒಂದು ಜೊತೆ ಚಪ್ಪಲಿ ಕಂಡಿತು. ಒಂದು ಅತ್ತ, ಒಂದು ಇತ್ತ. ಅವಳು ನಿಂತುಬಿಟ್ಟಳು.

ಹಿಂದಿನಿಂದ ಅಮ್ಮ ಬಂದಳು. "ಏನೇ ನಿಂತ್ಕೊಂಡೆ? ಅದನ್ನ ತಿರುಗಿಸಿಡು. ನೋಡಿದೋರು ಏನಂದಾರು?"

ಇಬುಕಿ ತಟ್ಟೆಗಳನ್ನು ನೆಲದ ಮೇಲಿಟ್ಟಳು. ಸೊಂಟ ಬಾಗಿತು, ಕೈ ಮುಂದೆ ಹೋಯಿತು. ಚಪ್ಪಲಿಯಿಂದ ಒಂದು ಗೇಣು ದೂರದಲ್ಲಿ ಕೈ ನಿಂತಿತು. ಅವಳ 'ಯಜಮಾನಿ'ಯ ಕೈ, ಊರೆಲ್ಲ ಹೊಗಳಿದ ಕೈ, ಆ ಚಪ್ಪಲಿಯನ್ನು ಮುಟ್ಟಲಿಲ್ಲ. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು ಬಾಯಿಯನ್ನು ಬಾಗಿಲ ಹತ್ತಿರ ತಂದಳು.

"ಒಳಗೆ ಯಾರಾದ್ರೂ ಇದೀರಾ?"

ನೀರಿನ ಸದ್ದು. ಮತ್ತೇನಿಲ್ಲ.

"ಇದೀರಾ?" ಎಂದು ಇನ್ನೂ ಗಟ್ಟಿಯಾಗಿ ಕೂಗಿದಳು. ಅಮ್ಮ ಬೆಚ್ಚಿಬಿದ್ದು ಅವಳ ತೋಳು ಹಿಡಿದಳು.

"ಇದೀನಮ್ಮಾ," ಎಂದಿತು ಒಳಗಿನಿಂದ ಯಾವುದೋ ಅಜ್ಜಿಯ ನಿಧಾನದ ದನಿ. "ಯಾಕೆ, ಹೊತ್ತಾಯ್ತಾ?"

ಇಲ್ಲ, ನಿಧಾನವಾಗಿ ಬನ್ನಿ ಎಂದಳು ಇಬುಕಿ. ಚಪ್ಪಲಿಯನ್ನು ಅದು ಇದ್ದ ಹಾಗೆಯೇ ಬಿಟ್ಟಳು. ಅಜ್ಜಿ ಮೈ ಒರೆಸಿಕೊಂಡು ಹೊರಗೆ ಬಂದು ತಡಕಾಡುತ್ತ ಎರಡನ್ನೂ ಕಾಲಿಗೆ ಹಾಕಿಕೊಳ್ಳುವವರೆಗೆ, ತಟ್ಟೆಯ ಸಾರು ಆರುತ್ತಿದ್ದರೂ, ಅವಳು ಅಲ್ಲಿಯೇ ಮಂಡಿಯೂರಿ ಕೂತಿದ್ದಳು.